ಹೊಳೆಬದಿ ದಕ್ಕೆಯ ಡಬ್ಲ್ಯೂಪಿಸಿ ಹಲಗೆ ಎದ್ದು ಬಂದಿದೆ, ಬದಲಿಗೆ ಏನು ಹಾಕುವುದು?

ಕುದ್ರುಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಉಡುಪಿ ಹತ್ತಿರದ ಕೆಮ್ಮಣ್ಣು ಕಡೆ, ಸ್ವರ್ಣಾ ಹೊಳೆ ಬದಿಯಲ್ಲಿ. ದೋಣಿ ಕಟ್ಟಲಿಕ್ಕೆ, ಹೋಮ್‌ಸ್ಟೇಗೆ ಬಂದವರು ಕಯಾಕ್ ಹತ್ತಿ ಇಳಿಯಲಿಕ್ಕೆ ಒಂದು ಸಣ್ಣ ದಕ್ಕೆ ಇದೆ. ಉದ್ದ 24 ಅಡಿ, ಅಗಲ 6 ಅಡಿ. ಕಂಬ ಕಾಂಕ್ರೀಟಿನದ್ದು. ಮೇಲೆ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಫ್ರೇಮ್, ಅದರ ಮೇಲೆ 8 ಅಡಿಯ ಟೊಳ್ಳು ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ) ಹಲಗೆಗಳನ್ನು ಉದ್ದಕ್ಕೆ ಸಾಲಾಗಿ ಹಾಕಿದ್ದಾರೆ.

ಹಾಕಿಸಿ ಜಾಸ್ತಿ ದಿನ ಆಗಿಲ್ಲ. ಈಗ ಹಲಗೆ ಹಲಗೆ ಸೇರುವ ಜಾಗದಲ್ಲಿ ಎರಡೂ ತುದಿ ಎದ್ದು ನಿಂತಿವೆ, ಕಾಲು ಎಡವುತ್ತದೆ. ಸ್ಕ್ರೂ ತಲೆಗಳು ತುಕ್ಕು ಹಿಡಿದು ಉದುರುತ್ತಿವೆ. ನಡುವೆ ಕಾಲಿಟ್ಟರೆ ಹಲಗೆ ಜಗ್ಗುತ್ತದೆ, ಒಂದಂತೂ ಬಿರುಕು ಬಿಟ್ಟಿದೆ. ಮಳೆಗಾಲದಲ್ಲಿ ಪಾಚಿ, ಬೇಸಿಗೆ ಮಧ್ಯಾಹ್ನ ಬರಿಗಾಲು ಇಡಲಿಕ್ಕಾಗದಷ್ಟು ಬಿಸಿ. ಹಾಕಿದವರನ್ನು ಕೇಳಿದರೆ "ಉಪ್ಪುನೀರಲ್ವಾ, ಹಾಗೇ" ಅನ್ನುತ್ತಾರೆ. ಈ ಸಲ ಅದೇ ಜಾತಿಯ ಟೊಳ್ಳಿಲ್ಲದ ಗಟ್ಟಿ ಹಲಗೆ ಹಾಕಲೋ, ತೇಗವೋ, ಗಾಜಿನ ಎಳೆ ಮತ್ತು ರೆಸಿನ್ ಅಂಟು ಸೇರಿಸಿ ಮಾಡಿದ ಎಫ್‌ಆರ್‌ಪಿ ಜಾಲಿಯೋ? ಇನ್ನೊಮ್ಮೆ ಕಿತ್ತು ಹಾಕುವ ಶಕ್ತಿ ಇಲ್ಲ.

ತೆಂಕಗಾಳಿ:
ತೇಗ ಹಾಕಿ ಮಾರಾಯ್ರೆ, ಯೋಚನೆ ಮಾಡುವ ವಿಷಯವೇ ಅಲ್ಲ.

ಲಂಗರು:
ತೇಗವೋ ಮತ್ತೊಂದೋ ಆಮೇಲೆ ನೋಡೋಣ. ಮೊದಲು ನಾಲ್ಕು ವಿಷಯ ಹೇಳಿ. ಫ್ರೇಮಿನ ಅಡ್ಡ ಪೈಪುಗಳ ನಡುವೆ ಎಷ್ಟು ಅಂತರ? ಹಲಗೆಯ ತುದಿಗೂ ತುದಿಗೂ ನಡುವೆ ಸಂದು ಬಿಟ್ಟಿದ್ದಾರಾ? ಸ್ಕ್ರೂ ಅಯಸ್ಕಾಂತಕ್ಕೆ ಹಿಡಿಯುತ್ತದಾ? ದೊಡ್ಡ ಭರತದಲ್ಲಿ, ಅಂದರೆ ಸಮುದ್ರದ ಉಬ್ಬರದಲ್ಲಿ, ನೀರು ಎಲ್ಲಿವರೆಗೆ ಏರುತ್ತದೆ?

ಕುದ್ರುಮನೆ:
ಅಳೆದು ನೋಡಿದೆ. ಅಡ್ಡ ಪೈಪು 2 ಅಡಿಗೆ ಒಂದರಂತೆ ಇವೆ. ತುದಿಗಳ ನಡುವೆ ಬ್ಲೇಡು ತೂರಿಸುವಷ್ಟೂ ಜಾಗ ಇಲ್ಲ, ಒತ್ತಿ ಕೂರಿಸಿ ಎರಡೂ ತುದಿಗೆ ಮೇಲಿನಿಂದಲೇ ಸ್ಕ್ರೂ ಹೊಡೆದಿದ್ದಾರೆ. ಅಯಸ್ಕಾಂತ ಗಟ್ಟಿಯಾಗಿ ಹಿಡಿಯಿತು. ಮಾಮೂಲಿ ಭರತದಲ್ಲಿ ನೀರು ಹಲಗೆಗಿಂತ ಒಂದೂವರೆ ಅಡಿ ಕೆಳಗೆ ಇರುತ್ತದೆ. ಆದರೆ ಆಟಿಯಲ್ಲಿ (ಜುಲೈ-ಆಗಸ್ಟ್ ಮಳೆಗಾಲದಲ್ಲಿ) ನೆರೆಯೂ ಭರತವೂ ಒಟ್ಟಿಗೆ ಬಂದಾಗ ದಕ್ಕೆಯ ಮೇಲೆಯೇ ಹರಿದದ್ದು ಉಂಟು. ಹಲಗೆಯ ತುದಿಯ ತೂತಿನಲ್ಲಿ ಕೆಸರು ತುಂಬಿದೆ.

ಲಂಗರು:
ಹಾಗಾದರೆ ತಪ್ಪು ಉಪ್ಪುನೀರಿನದ್ದಲ್ಲ. ಹಾಕಿದ ರೀತಿಯೇ ಸರಿಯಿಲ್ಲ, ಮತ್ತೆ ಆ ಜಾಗಕ್ಕೆ ಆ ಹಲಗೆ ಅಲ್ಲವೇ ಅಲ್ಲ.

ಹಲಗೆ ಎದ್ದದ್ದು ಬಿಸಿಲಿಗೆ. ಮರ ನೀರು ಕುಡಿದು ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಮ್ಮಿ ಇಲ್ಲ ಎನ್ನಬಹುದು. ಡಬ್ಲ್ಯೂಪಿಸಿಯಲ್ಲಿ ಪ್ಲಾಸ್ಟಿಕ್ ಇರುವುದರಿಂದ ಅದು ಬಿಸಿಗೆ ಉದ್ದಕ್ಕೇ ಬೆಳೆಯುತ್ತದೆ. ಬೆಳಗ್ಗೆ 25 ಡಿಗ್ರಿಯಲ್ಲಿದ್ದ ಕಡುಬಣ್ಣದ ಹಲಗೆ ಮಧ್ಯಾಹ್ನ 60 ಡಿಗ್ರಿಗೆ ಹೋದರೆ 8 ಅಡಿಗೆ 3ರಿಂದ 4 ಮಿಲಿಮೀಟರ್ ಉದ್ದವಾಗುತ್ತದೆ. ನಿಮ್ಮಲ್ಲಿ ಮೂರು ಹಲಗೆ ಸಾಲಾಗಿವೆ, ಅಂದರೆ ಸಾಲಿಗೆ ಒಂದು ಸೆಂಟಿಮೀಟರ್ ಹತ್ತಿರ. ಸಂದು ಇಲ್ಲ, ಎರಡೂ ತುದಿಗೆ ಸ್ಕ್ರೂ ಬೇರೆ. ಪಾಪ, ಅದು ಮೇಲಕ್ಕಲ್ಲದೆ ಎಲ್ಲಿಗೆ ಹೋಗಬೇಕು? ಇಂಥ ಹಲಗೆಯನ್ನು ನಡುವೆ ಒಂದು ಕಡೆ ಮಾತ್ರ ಬಿಗಿದು, ಉಳಿದ ಕಡೆ ಕ್ಲಿಪ್ಪಿನಲ್ಲಿ ಜಾರಲು ಬಿಡಬೇಕು.

ಜಗ್ಗುವುದು ಫ್ರೇಮಿನಿಂದ. ಟೊಳ್ಳು ಹಲಗೆಗೆ 12ರಿಂದ 16 ಇಂಚಿಗೆ ಒಂದು ಅಡ್ಡ ಪೈಪು ಬೇಕು. ನಿಮ್ಮದು 24 ಇಂಚು. ಅದೂ ಅಲ್ಲದೆ ಟೊಳ್ಳಿನೊಳಗೆ ಕೆಸರುನೀರು ನಿಂತಿದೆ, ಆ ಭಾರವೂ ಸೇರಿತು. ಗಟ್ಟಿ ಹಲಗೆ ಹಾಕಿದರೆ ಬಿರುಕು ಕಡಿಮೆಯಾಗಬಹುದು, ಆದರೆ ಬಿಸಿ, ಬೆಳೆಯುವುದು, ಪಾಚಿ ಮೂರೂ ಹಾಗೇ ಇರುತ್ತವೆ. ಫ್ರೇಮಿಗೆ ಇನ್ನಷ್ಟು ಪೈಪು ಬೆಸೆಯುವ ಖರ್ಚು ಬೇರೆ. ಮನೆಯ ಟೆರೇಸಿಗಾದರೆ ನಾನು ಬೇಡ ಅನ್ನುತ್ತಿರಲಿಲ್ಲ.

ನೀವು ಹೇಳಿದ್ದರಲ್ಲಿ ಮುಖ್ಯವಾದದ್ದು ಆಟಿಯ ನೆರೆ. ನೀರು ಕೆಳಗಿನಿಂದ ಏರಿ ಬರುವಾಗ ಮುಚ್ಚಿದ ನೆಲವನ್ನು ಎತ್ತಿ ಎಸೆಯಲು ನೋಡುತ್ತದೆ. ಅಂಥ ಜಾಗಕ್ಕೆ ನೀರು ದಾಟಿ ಹೋಗುವಂಥದ್ದು ಬೇಕು. ಎಫ್‌ಆರ್‌ಪಿ ಜಾಲಿ ಅದಕ್ಕೇ ಸರಿ. 38 ಮಿ.ಮೀ. ದಪ್ಪದ್ದು ನಿಮ್ಮ 2 ಅಡಿ ಅಂತರಕ್ಕೆ ಹಾಯಾಗಿ ಕೂರುತ್ತದೆ, ಫ್ರೇಮ್ ಮುಟ್ಟಬೇಕಿಲ್ಲ. ಪಾಚಿ ಕಟ್ಟಲು ನೀರು ನಿಂತರೆ ತಾನೇ?

ಬೋಲ್ಟುನಟ್ಟು:
ಅಯಸ್ಕಾಂತದ ಬಗ್ಗೆ ಒಂದು ಮಾತು, ಇದು ಎಲ್ಲರೂ ಮೋಸ ಹೋಗುವ ಜಾಗ. ಅದು ಗಟ್ಟಿಯಾಗಿ ಹಿಡಿದರೆ ಮಾಮೂಲಿ ಕಬ್ಬಿಣಕ್ಕೆ ಜಿಂಕ್ ಕೋಟಿಂಗ್ ಕೊಟ್ಟದ್ದು ಅಥವಾ ಅಗ್ಗದ ಸ್ಟೇನ್‌ಲೆಸ್ ಎಂದು ಗೊತ್ತಾಗುತ್ತದೆ, ಅಷ್ಟೇ. ಹಿಡಿಯಲಿಲ್ಲ ಎಂದ ಮಾತ್ರಕ್ಕೆ ಉಪ್ಪುನೀರಿಗೆ ಆಗುತ್ತದೆ ಎಂದಲ್ಲ. ಸ್ಟೇನ್‌ಲೆಸ್ಸಿನ 304 ಮತ್ತು 316 ಎಂಬ ಎರಡು ಜಾತಿಗೂ ಅಯಸ್ಕಾಂತ ಸಾಮಾನ್ಯವಾಗಿ ಹಿಡಿಯುವುದಿಲ್ಲ. ಹೊಳೆ ಸಮುದ್ರ ಸೇರುವ ಕಡೆ 304 ಕಂದು ಕಲೆ ಬಂದು ಆಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ. 316ರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಮ್ ಎಂಬ ಲೋಹ ಇರುತ್ತದೆ, ಉಪ್ಪಿಗೆ ತಡೆಯುವುದು ಅದೇ. ಬೋಲ್ಟಿನ ತಲೆ ನೋಡಿ: ಎ2 ಎಂದಿದ್ದರೆ 304ರ ಜಾತಿ, ಎ4 ಎಂದಿದ್ದರೆ 316ರ ಜಾತಿ. ಅಂಗಡಿಯವರು "ಎಸ್‌ಎಸ್ ಕೊಡ್ತೇನೆ" ಎಂದರೆ ಸುಮ್ನೆ ತಗೊಂಡು ಬರಬೇಡಿ. ಎ4 ಎಂದು ಕೇಳಿ, ತಲೆ ನೋಡಿ ತಗೊಳ್ಳಿ.

ಫ್ರೇಮನ್ನೂ ಈಗಲೇ ಪರೀಕ್ಷಿಸಿ. ಜಿಐ ಪೈಪನ್ನು ಬೆಸೆದ ಜಾಗದಲ್ಲಿ ಸತು ಸುಟ್ಟುಹೋಗಿರುತ್ತದೆ, ತುಕ್ಕು ಅಲ್ಲೇ ಶುರು. ಸುತ್ತಿಗೆಯಿಂದ ತಟ್ಟುತ್ತಾ ಹೋಗಿ, ಸದ್ದು ಮಂಕಾದ ಕಡೆ ಗುರುತು ಹಾಕಿ. ಪೈಪಿನ ತುದಿ ತೆರೆದಿದ್ದರೆ ಮುಚ್ಚಿಸಿ.

ಕೆಚ್ಚು:
ಸಾಮಿಲ್ಲಿನಲ್ಲಿ ಕೂತವನಾಗಿ ಮರದ ಪರವಾಗಿ ಒಂದೆರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ.

ತೇಗ ಒಳ್ಳೆಯದೇ, ಆದರೆ ಯಾವ ತೇಗ? ಈಗ ಬರುವ ತೋಟದ ಎಳೇ ಮರದಲ್ಲಿ ಅರ್ಧಕ್ಕರ್ಧ ಬಿಳಿ ಭಾಗ. ಅದಕ್ಕೆ ಕೊಳೆಯುವುದೂ ಗೊತ್ತು, ಗೆದ್ದಲಿಗೆ ಊಟ ಹಾಕುವುದೂ ಗೊತ್ತು. ಕೆಚ್ಚು, ಅಂದರೆ ಒಳಗಿನ ಗಟ್ಟಿ ಭಾಗ ಮಾತ್ರ ಆರಿಸಿ ಕೊಡುವವರಿದ್ದರೆ ಸರಿ. ನನ್ನನ್ನು ಕೇಳಿದರೆ ನಮ್ಮ ಕಡೆ ದೋಣಿಗೆ ಹಾಕುತ್ತಿದ್ದ ಹೆಬ್ಬಲಸು, ಇಲ್ಲದಿದ್ದರೆ ಬೋಗಿ ಮರ. ಬೋಗಿ ಕಬ್ಬಿಣದ ಹಾಗೆ, ಮೊದಲೇ ತೂತು ಕೊರೆಯದೆ ಸ್ಕ್ರೂ ಇಳಿಯುವುದಿಲ್ಲ.

ಹಡಗು ಕೊರೆಯುವ ಹುಳದ ಹೆದರಿಕೆ ಕೆಲವರಿಗೆ ಇರುತ್ತದೆ. ಆ ಹುಳ ನೀರಿನಲ್ಲಿ ಮುಳುಗಿರುವ ಮರಕ್ಕೆ ಬರುತ್ತದೆ, ಕಂಬಕ್ಕೆ. ನಿಮ್ಮ ಕಂಬ ಕಾಂಕ್ರೀಟು, ಹಲಗೆ ನೀರಿನ ಮೇಲೆ, ಹಾಗಾಗಿ ಆ ಚಿಂತೆ ಬೇಡ. ಹಲಗೆ ಕೊಳೆಯುವುದು ಅದು ಪೈಪಿನ ಮೇಲೆ ಕೂರುವ ಜಾಗದಲ್ಲಿ. ಅಲ್ಲಿ ಮಳೆನೀರು ಸಿಕ್ಕಿಕೊಂಡು ಒಣಗುವುದೇ ಇಲ್ಲ. ಒಂದು ಹಳೇ ಹಲಗೆ ಮಗುಚಿ ನೋಡಿ: ಮೇಲೆಲ್ಲ ಗಟ್ಟಿ, ಕೆಳಗೆ ಪೈಪಿನ ಅಗಲಕ್ಕೆ ಸರಿಯಾಗಿ ಒಂದು ಕಪ್ಪು ಪಟ್ಟಿ, ಉಗುರು ಇಟ್ಟರೆ ಒಳಗೆ ಹೋಗುತ್ತದೆ. ಅಲ್ಲಿಗೆ ರಬ್ಬರ್ ಪಟ್ಟಿ ಹಾಕಿ ಹಲಗೆಯನ್ನು ಸ್ವಲ್ಪ ಎತ್ತಿ ಕೂರಿಸಿದರೆ ಆಯುಷ್ಯ ಎಷ್ಟೋ ಜಾಸ್ತಿ. ಒಣಗಿದ ಮರವಾದರೆ ಹಲಗೆಗಳ ನಡುವೆ 5ರಿಂದ 6 ಮಿ.ಮೀ. ಸಂದು ಬಿಡಿ. ಹಸಿ ಮರವಾದರೆ ಹತ್ತಿರ ಹತ್ತಿರ ಇಡಿ, ಅದೇ ಒಣಗಿ ಸಂದು ಬಿಡುತ್ತದೆ.

ತೆಂಕಗಾಳಿ:
ಮದ್ದು ಕುಡಿಸಿದ ಅಗ್ಗದ ಮರ ಹಾಕಿದರೆ ಹೇಗೆ? ಹಸಿರು ಬಣ್ಣ ಇರುತ್ತದಲ್ಲ, ಅದು.

ಕೆಚ್ಚು:
ಸಿಸಿಎ. ತಾಮ್ರ, ಕ್ರೋಮ್, ಆರ್ಸೆನಿಕ್ ಸೇರಿದ ಮದ್ದು. 1933ರಲ್ಲಿ ಕಂಡುಹಿಡಿದದ್ದು ನಮ್ಮವರೇ ಆದ ಸೋಂತಿ ಕಾಮೇಶಂ. ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಮಕ್ಕಳು ಬರಿಗಾಲಲ್ಲಿ ಓಡಾಡುವ, ಜನ ಕೂತು ತಿಂಡಿ ತಿನ್ನುವ ಜಾಗಕ್ಕೆ ಆರ್ಸೆನಿಕ್ ಬೇಡ. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ನಿಲ್ಲಿಸಿದ್ದಾರೆ. ಜೊತೆಗೆ ಆ ತಾಮ್ರ ಜಿಂಕ್ ಸ್ಕ್ರೂಗಳನ್ನು ಬೇಗ ತಿನ್ನುತ್ತದೆ.

ಇನ್ನು ಯಾರಾದರೂ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಬಳಿಯಿರಿ ಅಂದಾರು. ದೋಣಿಯ ತಳಕ್ಕೆ ಅದು ಹಿರಿಯರ ಕಾಲದ ಮದ್ದು, ಒಳ್ಳೆಯದೇ. ಆದರೆ ಸರಿಯಾಗಿ ಒಣಗುವ ತನಕ ಚರ್ಮ ಸುಡುತ್ತದೆ. ನಡೆಯುವ ಹಲಗೆಗೆ ಬೇಡ.

ಕುದ್ರುಮನೆ:
ಎಫ್‌ಆರ್‌ಪಿ ಕಡೆ ಮನಸ್ಸು ವಾಲುತ್ತಿದೆ. ಆದರೆ ಒಂದು ಕಡೆ ನೋಡಿದೆ, ಮೇಲೆ ಮರಳು ಅಂಟಿಸಿ ಉಪ್ಪುಕಾಗದದ ಹಾಗೆ ಇತ್ತು. ಮಗು ಬಿದ್ದರೆ ಮೊಣಕಾಲು ಕಿತ್ತುಬರುತ್ತದೆ. ತೂತಿನಲ್ಲಿ ಮೊಬೈಲ್ ಬಿದ್ದರೆ ಹೊಳೆಗೇ.

ಲಂಗರು:
ನೀವು ನೋಡಿದ್ದು ಕಾರ್ಖಾನೆಗೆ ಮಾಡಿದ್ದು. ಮರಳಿಲ್ಲದೆ ಮೇಲ್ಮೈ ಸ್ವಲ್ಪ ತಗ್ಗಿದ್ದೂ ಸಿಗುತ್ತದೆ, ಬರಿಗಾಲಿಗೆ ಅದು ವಾಸಿ. ಮಾಮೂಲಿ ಜಾಲಿಯ ಕಣ್ಣು 38 ಮಿ.ಮೀ. ಚೌಕ. ಸಣ್ಣ ಕಣ್ಣಿನದ್ದು ಕೇಳಿ, 19 ಮಿ.ಮೀ. ಆಸುಪಾಸು ಇರುತ್ತದೆ. ಮೊಬೈಲ್ ಬೀಳುವುದಿಲ್ಲ. ಬೀಗದ ಕೈ ಬಿದ್ದೀತು, ಅದಕ್ಕೆ ನಾನು ಜವಾಬ್ದಾರನಲ್ಲ.

ಬಿಸಿಲಿಗೆ ತಡೆಯುವ ಮದ್ದು ಸೇರಿಸಿದ್ದಾರಾ ಎಂದು ಕೇಳಿಯೇ ತಗೊಳ್ಳಿ. ಇಲ್ಲದಿದ್ದರೆ ಮೇಲಿನ ರೆಸಿನ್ ಸವೆದು ಗಾಜಿನ ಎಳೆ ಹೊರಬರುತ್ತದೆ, ಚರ್ಮಕ್ಕೆ ತುರಿಕೆ. ಕತ್ತರಿಸಿದ ಅಂಚಿಗೆಲ್ಲ ಮತ್ತೆ ರೆಸಿನ್ ಬಳಿಸಿ, ಇದನ್ನು ಕೆಲಸದವರು ಬಿಟ್ಟೇ ಬಿಡುತ್ತಾರೆ, ನಿಂತು ನೋಡಿ. ಕತ್ತರಿಸುವಾಗ ಮಾಸ್ಕು, ಉದ್ದ ತೋಳಿನ ಅಂಗಿ ಕಡ್ಡಾಯ. ಕೂರಿಸುವ ಕ್ಲಿಪ್ಪೂ 316ರದ್ದೇ ಇರಲಿ.

ಪಾಚಿಗೆ ಬ್ಲೀಚಿಂಗ್ ಪೌಡರ್ ಎರಚಬೇಡಿ. ಹೊಳೆಗೂ ಒಳ್ಳೆಯದಲ್ಲ, ಸ್ಟೇನ್‌ಲೆಸ್ಸನ್ನೂ ತಿನ್ನುತ್ತದೆ. ಗಟ್ಟಿ ಹಿಡಿಸೂಡಿ ಮತ್ತು ಹೊಳೆನೀರು ಸಾಕು.

ಬೋಲ್ಟುನಟ್ಟು:
ಇದೇ ನೆಪದಲ್ಲಿ ದಕ್ಕೆ ಉದ್ದ ಮಾಡುವ ಯೋಚನೆ ಇದ್ದರೆ ಮೊದಲು ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ಕಚೇರಿಯಲ್ಲಿ ವಿಚಾರಿಸಿ. ಬೇಸಿಗೆಯಲ್ಲಿ ನೀರಿನ ಉಪ್ಪು ಸಾವಿರಕ್ಕೆ 5 ಭಾಗ ಇರುವ ತನಕ ಹೊಳೆಬದಿಯೂ ಅದರೊಳಗೆ ಬರುತ್ತದೆ. ಇದ್ದ ಫ್ರೇಮಿಗೆ ಹಲಗೆ ಬದಲಿಸುವುದು ಒಂದು, ಹೊಸ ಕಂಬ ನೆಡುವುದು ಇನ್ನೊಂದು.

ಕುದ್ರುಮನೆ:
ಉದ್ದ ಮಾಡುವುದಿಲ್ಲ, ಇದ್ದದ್ದು ನಿಂತರೆ ಸಾಕು. ಮನೆಯಲ್ಲಿ ಮಾತಾಡಿದೆವು. ನೀರಿನ ಕಡೆಯ 18 ಅಡಿಗೆ ಸಣ್ಣ ಕಣ್ಣಿನ ಎಫ್‌ಆರ್‌ಪಿ. ದಡದ ಕಡೆ ಉಳಿದ 6 ಅಡಿ ಉದ್ದದ ಭಾಗ ಎತ್ತರದಲ್ಲಿದೆ, ನೆರೆ ಅಲ್ಲಿಗೆ ಬರುವುದಿಲ್ಲ, ಸಂಜೆ ಕೂರುವ ಜಾಗ. ಅಲ್ಲಿಗೆ ಹೆಬ್ಬಲಸಿನ ಹಲಗೆ, ಅಮ್ಮನಿಗೆ ಮರವೇ ಬೇಕಂತೆ. ಸರಿ ಅಲ್ವಾ? ಫ್ರೇಮ್ ತಟ್ಟಿ ನೋಡಿದೆ, ಎರಡು ಬೆಸುಗೆ ಹೋಗಿವೆ, ನಾಳೆ ವೆಲ್ಡರ್ ಬರುತ್ತಾರೆ.

ಲಂಗರು:
ಸರಿಯಾಗಿದೆ. ಬೆಸೆದ ಮೇಲೆ ಅಲ್ಲಿಗೆ ಸತುವಿನ ಪೇಂಟ್ ಎರಡು ಕೋಟ್ ಹೊಡೆಸಿ. ಇನ್ನೊಂದು, ಜಾಲಿ 38 ಮಿ.ಮೀ. ದಪ್ಪ. ಹಲಗೆ ಮತ್ತು ಅದರಡಿಯ ರಬ್ಬರ್ ಪಟ್ಟಿ ಸೇರಿ ಅಷ್ಟೇ ಬರುವ ಹಾಗೆ ಸಾಮಿಲ್ಲಿನಲ್ಲಿ ಹೇಳಿ ಸೀಳಿಸಿ. ಇಲ್ಲದಿದ್ದರೆ ಎರಡೂ ಸೇರುವ ಜಾಗದಲ್ಲಿ ಮತ್ತೆ ಕಾಲು ಎಡವುತ್ತದೆ.