ಎರಡನೇ ಕ್ಲಾಸ್ ಮಗ ಕತ್ತಲೆಯಲ್ಲೂ ಪುಸ್ತಕ ಓದುತ್ತಾನೆ, ಏನು ಮಾಡಲಿ?

ತೋಟದಮನೆ, ತೀರ್ಥಹಳ್ಳಿ ಕಡೆ

ಎಲ್ಲರಿಗೂ ನಮಸ್ಕಾರ. ಮಗನಿಗೆ ಏಳು ವರ್ಷ ತುಂಬಿದೆ, ಊರಿನ ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸ್. ಹೋದ ವಾರದವರೆಗೂ ಚೆನ್ನಾಗಿ ಓದುತ್ತಾನೆ ಅಂತಲೇ ಅಂದುಕೊಂಡಿದ್ದೆ. ದಿನಾ ಸಂಜೆ ಪುಸ್ತಕ ಹಿಡಿದು ಕೂತು ಪಾಠ ಗಡಗಡ ಅಂತ ಓದುತ್ತಾನೆ. ಅವತ್ತು ಓದುವಾಗಲೇ ಕರೆಂಟ್ ಹೋಯಿತು (ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಇದ್ದರೇ ಸುದ್ದಿ), ನಾನು ಲಾಟೀನು ಹುಡುಕಿ ತರುವವರೆಗೂ ಅವನ ಓದು ನಿಲ್ಲಲೇ ಇಲ್ಲ. ಪೂರ್ತಿ ಬಾಯಿಪಾಠ!

ಆಮೇಲೆ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಇದೇನು ಅಂತ ಕೇಳಿದೆ. ಚಿತ್ರ ನೋಡಿ ಏನೋ ಹೇಳಿದ. ಬೋರ್ಡ್ ನೋಡಿ ಬರೆದದ್ದು ಮುತ್ತಿನ ಹಾಗಿದೆ, ಆದರೆ ಉಕ್ತಲೇಖನ ಕೊಟ್ಟರೆ ಮೂಗು ಅನ್ನುವುದಕ್ಕೆ ಮಗ, ಕೋಳಿ ಅನ್ನುವುದಕ್ಕೆ ಕಳ, ಮನೆ ಅನ್ನುವುದಕ್ಕೆ ಮನ ಅಂತ ಬರೆಯುತ್ತಾನೆ. ದಡ್ಡ ಅಲ್ಲ. ಅಂಗಡಿಗೆ ಕಳಿಸಿದರೆ ಚಿಲ್ಲರೆ ಸರಿಯಾಗಿ ಲೆಕ್ಕ ಹಾಕಿ ತರುತ್ತಾನೆ, ಕೊಟ್ಟಿಗೆಯಲ್ಲಿ ಯಾವ ಕರು ಯಾವ ಹಸುವಿನದು ಅಂತ ನನಗಿಂತ ಅವನಿಗೇ ಚೆನ್ನಾಗಿ ಗೊತ್ತು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅತ್ತೆ ಹೇಳುವುದು, ಅ ಆ ಇ ಈ ಬಿಟ್ಟು ಶಾಲೆಯಲ್ಲಿ ರ ಗ ಸ ದ ಅ ಅಂತ ತಲೆಕೆಳಗಾಗಿ ಕಲಿಸಿದರೆ ಇನ್ನೇನಾಗುತ್ತೆ ಅಂತ. ಓರಗಿತ್ತಿ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹಾಕು, ವ್ಯಾನ್ ಕ್ರಾಸ್‌ವರೆಗೂ ಬರುತ್ತೆ ಅನ್ನುತ್ತಾಳೆ. ಇವರು ಮಾತ್ರ "ನಾನೂ ಹೀಗೇ ಇದ್ದೆ, ತೋಟ ಇದೆಯಲ್ಲ" ಅಂತ ಎದ್ದು ಹೋಗುತ್ತಾರೆ. ಡಿಸ್ಲೆಕ್ಸಿಯಾ (ಬುದ್ಧಿ ಚೆನ್ನಾಗಿದ್ದರೂ ಓದು ಬರಹ ಮಾತ್ರ ಕಷ್ಟವಾಗುವ ತೊಂದರೆ) ಇರಬಹುದು ಅಂತ ಪರಿಚಯದವರೊಬ್ಬರು ಹೇಳಿದ ಮೇಲೆ ನನಗೆ ನಿದ್ದೆ ಇಲ್ಲ. ಸಿಟ್ಟಿನಲ್ಲಿ ಒಂದು ದಿನ ಹೊಡೆದೂ ಬಿಟ್ಟೆ, ಅದು ಬೇರೆ ಸಂಕಟ. ಶಾಲೆ ಬದಲಿಸಬೇಕಾ? ಡಾಕ್ಟರ್ ಹತ್ತಿರ ಹೋಗಬೇಕಾ? ಹೋದರೆ ಯಾರ ಹತ್ತಿರ?

ಸಾಗರದ ಟೀಚರ್

ಮೊದಲು ಅತ್ತೆಯವರ ವಿಷಯ. ರ ಗ ಸ ದ ಅ ತಲೆಕೆಳಗಲ್ಲ, ಅದು ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಆಡಿಸುತ್ತಾ ಕಲಿಸುವ ನಲಿಕಲಿ ಕ್ರಮ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು ಆಮೇಲೆ ರಾಜ್ಯಕ್ಕೆಲ್ಲ ಬಂತು. ಆ ಐದು ಅಕ್ಷರ ಬಂದರೆ ಸಾಕು, ಸರ, ಅರಸ, ಅಗಸ, ದಸರ ಅಂತ ಮಗು ಆಗಲೇ ಪದ ಓದುತ್ತೆ. ಅ ಆ ಇ ಈ ಇಂದ ಶುರು ಮಾಡಿದರೆ ಔ ಮುಗಿದರೂ ಓದಲು ಒಂದು ಪದ ಸಿಗುವುದು ಕಷ್ಟ. ಅಜ್ಜಿ ಮರಳಲ್ಲಿ ಬರೆಸುತ್ತಿದ್ದರೆ ಬೇಡ ಅನ್ನಬೇಡಿ, ಕೈ ತಿರುಗುತ್ತೆ. ಆದರೆ ಮನೆಯಲ್ಲೊಂದು ಕ್ರಮ ಶಾಲೆಯಲ್ಲೊಂದು ಕ್ರಮ ಅಂತ ಮಗುವಿನ ಮುಂದೆ ಜಗಳ ಮಾತ್ರ ಬೇಡ.

ಈಗ ನಿಮ್ಮ ಮಗ. ನೀವು ಬರೆದ ಮೂರು ತಪ್ಪನ್ನೂ ಇನ್ನೊಮ್ಮೆ ನೋಡಿ. ಮಗ, ಕಳ, ಮನ. ಮೂಲ ಅಕ್ಷರ ಒಂದೂ ತಪ್ಪಿಲ್ಲ! ಬಿಟ್ಟುಹೋಗಿರುವುದು ಕೊಂಬು (ಉ ಚಿಹ್ನೆ), ಗುಡಿಸು (ಇ ಚಿಹ್ನೆ), ಏತ್ವ (ಎ ಚಿಹ್ನೆ), ಓತ್ವ (ಒ ಚಿಹ್ನೆ). ಅಂದರೆ ಅವನಿಗೆ ಅಕ್ಷರ ಬರುತ್ತೆ, ಗುಣಿತ ಕೂತಿಲ್ಲ. ನನ್ನ ಕ್ಲಾಸಿನಲ್ಲೂ ಜಾಸ್ತಿ ಮಕ್ಕಳು ಜಾರುವುದು ಇದೇ ಜಾಗದಲ್ಲಿ. ಇಂಗ್ಲಿಷಿನಲ್ಲಿ 26 ಅಕ್ಷರ. ನಮ್ಮಲ್ಲಿ 34 ವ್ಯಂಜನ, ಒಂದೊಂದಕ್ಕೂ ಹನ್ನೆರಡರಷ್ಟು ರೂಪ, ಗುಣಿಸಿದರೆ 400 ದಾಟುತ್ತೆ, ಒತ್ತಕ್ಷರ ಇನ್ನೂ ಬೇರೆ. ಅದೂ ಸಾಲದು ಅಂತ ಸೂರ್ಯ ಬರೆಯುವಾಗ ಬಾಯಲ್ಲಿ ಮೊದಲು ಬರುವ ರಕಾರ ಕೈಯಲ್ಲಿ ಕೊನೆಗೆ ಬರುತ್ತೆ! ಮೂರು ನಾಲ್ಕನೇ ಕ್ಲಾಸಿನವರೆಗೂ ಮಕ್ಕಳು ಇದನ್ನು ಕಲಿಯುತ್ತಲೇ ಇರುತ್ತಾರೆ. ಹಾಗಾಗಿ ಏಳು ವರ್ಷಕ್ಕೆ ತಡವರಿಸಿದ ಕೂಡಲೇ ಕಾಯಿಲೆ ಅನ್ನಲು ಆಗಲ್ಲ.

ಒಂದು ಪರೀಕ್ಷೆ ಮಾಡಿ. ಅರ್ಥವೇ ಇಲ್ಲದ ಪದ ಬರೆದು ಕೊಡಿ. ಟಮ, ಲಸ, ಆಮೇಲೆ ಟಿಮು, ಗೂಪೆ, ಲೋಸಿ. ಇವನ್ನು ಬಾಯಿಪಾಠ ಮಾಡಿರಲು ಸಾಧ್ಯವಿಲ್ಲ, ಊಹೆಗೆ ಚಿತ್ರವೂ ಇಲ್ಲ. ಎಲ್ಲಿ ನಿಲ್ಲುತ್ತಾನೋ ಅಲ್ಲಿಂದ ಶುರು ಮಾಡಿ. ಕಾಗುಣಿತ ಪೂರ್ತಿ ಹಾಡಿಸಬೇಡಿ. ಕ ಕಾ ಕಿ ಕೀ ಅಂತ ಹಾಡು ಎಲ್ಲರಿಗೂ ಬರುತ್ತೆ, ನಡುವಿಂದ ಕೂ ತೋರಿಸಿದರೆ ಮೊದಲಿಂದ ಹಾಡಿಕೊಂಡು ಬರಬೇಕು. ವಾರಕ್ಕೆ ಒಂದೇ ಚಿಹ್ನೆ ಹಿಡಿಯಿರಿ. ಕೊಂಬು ಅಂದರೆ ಕೊಂಬು. ಸ್ಲೇಟಿನ ಮೇಲೆ ಅಕ್ಷರ ಬಿಳಿ ಬಳಪ, ಕೊಂಬು ಮಾತ್ರ ಬಣ್ಣದ ಬಳಪ. ಹಸು, ಕರು, ಮಗು, ಹುಡುಗ, ಎಲ್ಲ ನಿಮ್ಮ ಮನೆಯಲ್ಲೇ ಇದೆಯಲ್ಲ. ಕೊಂಬು ಒರೆಸಿದರೆ ಮಗು ಹೋಗಿ ಮಗ ಆಗುತ್ತಾನೆ, ಇದು ಅವರಿಗೆ ಬಹಳ ಮಜಾ. ನಡೆಯುವಾಗ ಪುಸ್ತಕ ಇಲ್ಲದೆ ಆಡಿ, ಅಡಿಕೆಯಲ್ಲಿ ಅ ತೆಗೆದರೆ ಏನು ಉಳಿಯುತ್ತೆ, ಕಮಲದಲ್ಲಿ ನಡುವಿನದು ತೆಗೆದರೆ ಏನು ಅಂತ. ದಿನಕ್ಕೆ ಹದಿನೈದು ನಿಮಿಷ ಸಾಕು. ಅವನಿಗೆ ಬೇಜಾರಾಗುವ ಮೊದಲೇ ನಿಲ್ಲಿಸಿ.

ಹೊಡೆದದ್ದಕ್ಕೆ ಕೊರಗಬೇಡಿ, ಆದರೆ ಇನ್ನು ಬೇಡ. ಓದಲು ಬಾರದ ಮಗು ಬಾಯಿಪಾಠ ಮಾಡಿಕೊಳ್ಳುವುದೇ ಏಟು ತಪ್ಪಿಸಿಕೊಳ್ಳಲು.

ಭದ್ರಾವತಿ ಹುಡುಗ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಅಕ್ಕ. ನನಗೂ ನಾಲ್ಕನೇ ಕ್ಲಾಸ್‌ವರೆಗೂ ಓದಲು ಬರುತ್ತಿರಲಿಲ್ಲ, ಈಗ ಇಂಜಿನಿಯರ್. ತಾನಾಗಿಯೇ ಬರುತ್ತೆ.

ಶಿವಮೊಗ್ಗದ ಅಪ್ಪ

ತಮ್ಮಾ, ನಿನಗೆ ಬಂತು, ಸಂತೋಷ. ಎಲ್ಲರಿಗೂ ತಾನಾಗಿ ಬರಲ್ಲ. "ಬರುತ್ತೆ ಬಿಡಿ" ಅನ್ನುವ ಮಾತು ಕೇಳಿಕೊಂಡೇ ನಾನು ಮಗಳ ಮೂರು ವರ್ಷ ಕಳೆದೆ. ಅವಳು ಓದುತ್ತಿದ್ದುದು ದೊಡ್ಡ ಫೀಸಿನ ಇಂಗ್ಲಿಷ್ ಮೀಡಿಯಂ. ಸೋಮಾರಿ, ಗಮನ ಇಲ್ಲ, ಟ್ಯೂಷನ್‌ಗೆ ಹಾಕಿ ಅಂದರು, ಹಿಂದಿನ ಬೆಂಚಿಗೆ ಕೂರಿಸಿದರು. ಐದನೇ ಕ್ಲಾಸಿನಲ್ಲಿ ಶಾಲೆಗೆ ಹೋಗುವ ಹೊತ್ತಿಗೆ ಸರಿಯಾಗಿ ವಾಂತಿ ಶುರುವಾಯಿತು. ಹೊಟ್ಟೆಗೆ ಔಷಧ ಕೊಡಿಸಿದ್ದೇ ಕೊಡಿಸಿದ್ದು. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರೀಕ್ಷೆ ಮಾಡಿಸಿದಾಗ ಗೊತ್ತಾಗಿದ್ದು ಡಿಸ್ಲೆಕ್ಸಿಯಾ ಅಂತ. ಅವತ್ತು ಮಗಳು ಕೇಳಿದ್ದು ಒಂದೇ: "ಹಾಗಾದರೆ ನಾನು ಪೆದ್ದಿ ಅಲ್ವಾ ಅಪ್ಪ?"

ನಾನು ಕಲಿತದ್ದು ಹೇಳುತ್ತೇನೆ. ಡಿಸ್ಲೆಕ್ಸಿಯಾಕ್ಕೂ ಬುದ್ಧಿಗೂ ಸಂಬಂಧ ಇಲ್ಲ. ಮಾತ್ರೆ, ಟಾನಿಕ್, ವಿಶೇಷ ಕನ್ನಡಕ ಯಾವುದರಿಂದಲೂ ಹೋಗಲ್ಲ, ಮಾರುವವರು ಸಿಗುತ್ತಾರೆ, ದುಡ್ಡು ಕೊಡಬೇಡಿ. ಶಬ್ದಕ್ಕೂ ಅಕ್ಷರಕ್ಕೂ ಗಂಟು ಹಾಕುವುದನ್ನು ನಿಧಾನವಾಗಿ, ಒಂದೊಂದಾಗಿ, ಮತ್ತೆ ಮತ್ತೆ ಕಲಿಸುವುದೇ ಔಷಧ. ಟೀಚರ್ ಹೇಳಿದ್ದು ಅದನ್ನೇ, ಡಿಸ್ಲೆಕ್ಸಿಯಾ ಇದ್ದರೂ ಇಲ್ಲದಿದ್ದರೂ ಅದು ವ್ಯರ್ಥ ಆಗಲ್ಲ. ನಿಮ್ಮ ಮಗನ ವಯಸ್ಸಿಗೆ ಇದೇ ಅಂತ ಖಚಿತವಾಗಿ ಹೇಳುವುದು ಕಷ್ಟ, ಸಾಮಾನ್ಯವಾಗಿ ಎಂಟು ವರ್ಷ ತುಂಬಿದ ಮೇಲೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ಹಾಗಂತ ಅಲ್ಲಿಯವರೆಗೂ ಕೈಕಟ್ಟಿ ಕೂರಬೇಕಿಲ್ಲ. ಮೂರ್ನಾಲ್ಕು ತಿಂಗಳು ಹೀಗೆ ಕಲಿಸಿ, ಕದಲದಿದ್ದರೆ ಹೊರಡಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ನೋಡುತ್ತಾರೆ. ಅಷ್ಟು ದೂರ ಹೋಗುವ ಮೊದಲು ನಮ್ಮ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ತೋರಿಸಿ, ಮುಂದೆ ಎಲ್ಲಿಗೆ ಅಂತ ಅವರೇ ಬರೆದು ಕೊಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ, ಸರ್ಟಿಫಿಕೇಟ್ ಇದ್ದರೆ ಮುಂದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಇನ್ನೊಬ್ಬರ ಸಹಾಯ ಕೇಳಬಹುದು. ನಿಮ್ಮ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಲ್ಲಿ ಇಂಥ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ಹೆಡ್‌ಮಾಸ್ಟರ್ ಮೂಲಕ ಕೇಳಿ.

ಇಂಗ್ಲಿಷ್ ಮೀಡಿಯಂ ಈಗ ಬೇಡವೇ ಬೇಡ. ಕನ್ನಡದಲ್ಲಿ ಕೊಂಬು ಯಾವತ್ತಿದ್ದರೂ ಉಕಾರವೇ. ಇಂಗ್ಲಿಷಿನಲ್ಲಿ ಬಟ್ ಒಂದು ಥರ, ಪುಟ್ ಒಂದು ಥರ, ಬರೆಯುವುದು ಒಂದೇ ಥರ. ಬಾಯಲ್ಲಿ ಆಡುವ ಭಾಷೆಯಲ್ಲೇ ಕಾಲು ಜಾರುತ್ತಿರುವ ಮಗುವನ್ನು ಪಾಚಿ ಕಟ್ಟಿದ ಕಲ್ಲಿನ ಮೇಲೆ ನಿಲ್ಲಿಸಿದ ಹಾಗೆ.

ಇನ್ನೊಂದು. ನಿಮ್ಮ ಯಜಮಾನರು "ನಾನೂ ಹೀಗೇ ಇದ್ದೆ" ಅಂದರಲ್ಲ, ಅದನ್ನು ಡಾಕ್ಟರಿಗೆ ಹೇಳಿ. ಇದು ಮನೆತನದಲ್ಲಿ ಬರುತ್ತೆ.

ಹೊಸನಗರದವಳು

ಒಂದು ವಿಷಯ ಯಾರೂ ಹೇಳಲಿಲ್ಲ, ಕಿವಿ ಮತ್ತು ಕಣ್ಣು ಮೊದಲು ತೋರಿಸಿ. ನಮ್ಮ ಮಳೆಗೆ ಮಕ್ಕಳಿಗೆ ಜೂನ್‌ನಲ್ಲಿ ಹಿಡಿದ ಶೀತ ದೀಪಾವಳಿವರೆಗೂ ಬಿಡಲ್ಲ. ಶೀತ ಆಗಿ ಆಗಿ ಕಿವಿ ತಮಟೆ ಹಿಂದೆ ನೀರು ನಿಲ್ಲುತ್ತೆ, ನೋವೂ ಇರಲ್ಲ, ಸೋರುವುದೂ ಇಲ್ಲ, ನೀರಲ್ಲಿ ಮುಳುಗಿದವರಿಗೆ ಕೇಳಿದ ಹಾಗೆ ಕೇಳುತ್ತೆ ಅಷ್ಟೇ. ನನ್ನ ಮಗಳಿಗೆ ಹೀಗಾಗಿತ್ತು. ಕರೆದರೆ ತಿರುಗುತ್ತಿದ್ದಳು, ಅದಕ್ಕೇ ನಮಗೆ ಅನುಮಾನವೇ ಬರಲಿಲ್ಲ. ಆದರೆ ಹ್ರಸ್ವ ದೀರ್ಘ, ಕೊನೆಯ ಸ್ವರ ಸರಿಯಾಗಿ ಕೇಳಿಸದಿದ್ದರೆ ಬರೆಯುವುದಾದರೂ ಹೇಗೆ? ಶಾಲೆಗೆ ವರ್ಷಕ್ಕೊಮ್ಮೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಬಾಲ ಸ್ವಾಸ್ಥ್ಯ ತಂಡದವರಿಗೂ ಹೇಳಬಹುದು. ಟಿವಿ ಸೌಂಡ್ ಜಾಸ್ತಿ ಮಾಡುತ್ತಾನಾ ಗಮನಿಸಿ.

ತೋಟದಮನೆ, ತೀರ್ಥಹಳ್ಳಿ ಕಡೆ

ಹದಿನೈದು ದಿನದ ಮೇಲೆ ಬರೆಯುತ್ತಿದ್ದೇನೆ, ನಡುವೆ ಮಳೆಗೆ ನೆಟ್‌ವರ್ಕ್ ಇರಲಿಲ್ಲ. ಶಾಲೆಗೂ ನಾಲ್ಕು ದಿನ ರಜೆ ಕೊಟ್ಟಿದ್ದರು.

ಹೊಸನಗರದ ಅಕ್ಕನಿಗೆ ಮೊದಲು. ಟಿವಿ ಸೌಂಡ್ ಜಾಸ್ತಿ ಮಾಡುತ್ತಾನೆ! ನಾವು ಹಟ ಅಂದುಕೊಂಡಿದ್ದೆವು. ಎಡಗಿವಿಯಲ್ಲಿ ನೀರಿದೆಯಂತೆ, ಔಷಧ ಏನೂ ಜಾಸ್ತಿ ಕೊಡಲಿಲ್ಲ, ಮೂರು ತಿಂಗಳು ಬಿಟ್ಟು ಮತ್ತೆ ತೋರಿಸಿ ಅಂದರು. ಬಲಗಿವಿ ಸರಿ ಇದೆ, ಹಾಗಾಗಿ ಎಲ್ಲ ತಪ್ಪನ್ನೂ ಕಿವಿ ಮೇಲೆ ಹಾಕಬೇಡಿ ಅಂತಲೂ ಹೇಳಿದರು. ಕಣ್ಣು ಚೆನ್ನಾಗಿದೆ.

ಟಮ, ಲಸ ಓದಿದ. ಟಿಮು ಬಂದ ಕೂಡಲೇ ಟಮ ಅಂದ, ಗೂಪೆಗೆ ಗೂಬೆ ಅಂದ. ಟೀಚರ್ ಹೇಳಿದ ಹಾಗೆ ಕೊಂಬು ಹಿಡಿದೆವು, ಎರಡನೇ ವಾರ ಗುಡಿಸು. ಅತ್ತೆ ಬಣ್ಣದ ಬಳಪ ತಾವೇ ತರಿಸಿದರು, ಈಗ ಸ್ಲೇಟು ಅವರ ಕೈಯಲ್ಲೇ.

ಇವರಿಗೆ ಶಿವಮೊಗ್ಗದ ಅಣ್ಣ ಬರೆದದ್ದನ್ನು ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ರಾತ್ರಿ ಊಟ ಆದ ಮೇಲೆ ಹೇಳಿದರು, ಅಡಿಕೆ ಸೊಸೈಟಿಯಿಂದ ಬರುವ ಪತ್ರ ಅವರಿಗೆ ಇವತ್ತಿಗೂ ಓದಲು ಆಗಲ್ಲವಂತೆ. ಪತ್ರ ಬಂದಾಗೆಲ್ಲ "ಕನ್ನಡಕ ಎಲ್ಲೋ ಇಟ್ಟೆ, ನೀನೇ ಓದು" ಅಂತ ನನ್ನ ಕೈಗೆ ಕೊಡುತ್ತಿದ್ದರು, ಹನ್ನೊಂದು ವರ್ಷದಿಂದ ನಾನು ಅದನ್ನೇ ನಂಬಿದ್ದೆ. ಈಗ ಕಿವಿಗೆ ಮತ್ತೆ ತೋರಿಸಲು ಹೋಗುವಾಗ ತಾವೂ ಬರುತ್ತೇನೆ ಅಂದಿದ್ದಾರೆ, ಹಾಗೇ ಮೆಗ್ಗಾನ್‌ಗೂ ಹೋಗಿ ಬರೋಣ ಅಂತ.

ನಿನ್ನೆ ಕೊಟ್ಟಿಗೆ ಬಾಗಿಲ ಮೇಲೆ ಬಳಪದಲ್ಲಿ ಹಸುವಿನ ಹೆಸರು ಬರೆದಿದ್ದ, ಗೌರಿ ಅಂತ. ಬರೆದದ್ದು ಗರಿ. ನಾನು ಏನೂ ಹೇಳಲಿಲ್ಲ. ಅವನೇ ಬೆರಳಿಟ್ಟು ಓದಿ, "ಅಮ್ಮ, ಇದು ತೆಂಗಿನ ಗರಿ ಆಯ್ತಲ್ಲ" ಅಂತ ನಕ್ಕ. ಗುಡಿಸು ಸರಿಯಾಗಿ ಹಾಕಿದ್ದಾನೆ ನೋಡಿ.

ಟೀಚರ್, ಮುಂದಿನ ವಾರ ಯಾವುದು ಹಿಡಿಯಲಿ, ಏತ್ವನಾ, ಇಳಿನಾ (ಆ ಚಿಹ್ನೆ)? ಗೌರಿಯನ್ನು ಸರಿಯಾಗಿ ಬರೆಯಲೇಬೇಕು ಅಂತ ಅವನು ಔತ್ವವೇ ಮೊದಲು ಬೇಕು ಅನ್ನುತ್ತಿದ್ದಾನೆ.