ಮೊದಲ ಸಲ ಕರಾಟೆಯ ಜಿಯು ಕುಮಿತೆಗೆ ನಿಲ್ಲುತ್ತಿದ್ದೇನೆ, ನಿಮ್ಮ ಅನುಭವ ಹೇಳಿ

ಪ್ರಶ್ನೆ:
ನನಗೆ 34. ಶೋಟೋಕಾನ್ ಶೈಲಿಯ ಕರಾಟೆ, ಆರೆಂಜ್ ಬೆಲ್ಟ್, ಅಂದರೆ ಇನ್ನೂ ಶುರುವಿನ ಹಂತ. ಇಲ್ಲಿವರೆಗೆ ಸಂಬೊನ್ ಕುಮಿತೆ, ಅಂದರೆ ಮೊದಲೇ ಹೇಳಿಟ್ಟ ಮೂರು ಏಟಿನ ಜೋಡಿ ಅಭ್ಯಾಸ, ಅದನ್ನು ಮಾತ್ರ ಮಾಡಿದ್ದೇನೆ. ಭಾನುವಾರ ಜಿಯು ಕುಮಿತೆಗೆ, ಅಂದರೆ ಏನನ್ನೂ ಮೊದಲೇ ಹೇಳಿಕೊಳ್ಳದ ಮುಕ್ತ ಕಾದಾಟಕ್ಕೆ, ನಿಲ್ಲಿ ಅಂದಿದ್ದಾರೆ ಮಾಸ್ಟರ್. ಎದುರಿಗೆ ಹತ್ತೊಂಬತ್ತರ ಹುಡುಗ, ಬ್ರೌನ್ ಬೆಲ್ಟ್, ನನಗಿಂತ ಬಹಳ ಮೇಲಿನವನು. ನಾನು ಕನ್ನಡಕ ಹಾಕುವವನು. ಹೇಗೆ ತಯಾರಾಗಲಿ?

ದಾವಣಗೆರೆ:
ಮೌತ್ ಗಾರ್ಡ್ ಇಲ್ಲದೆ ನಿಲ್ಲಲೇಬೇಡಿ. 2017ರಲ್ಲಿ ನಾನು ನಿಂತಿದ್ದೆ. ಗಾರ್ಡ್ ಬ್ಯಾಗಿನಲ್ಲೇ ಇತ್ತು. ಬಿಸಿನೀರಿನಲ್ಲಿ ಅದ್ದಿ ಹಲ್ಲಿಗೆ ಕೂರಿಸಿಕೊಂಡಿರಲಿಲ್ಲ. ಬಾಯಿ ತೆರೆದರೆ ಬೀಳುತ್ತಿತ್ತು, ಬೇಡ ಅಂತ ಬಿಟ್ಟೆ. ಎದುರಿನವನು ಕಿಝಾಮಿ ಝುಕಿ (ಮುಂದಿನ ಕೈಯ ಪಂಚ್) ಹೊಡೆಯುವುದಕ್ಕೂ ನಾನು ಮುಂದೆ ನುಗ್ಗುವುದಕ್ಕೂ ಸರಿಹೋಯಿತು. ತಪ್ಪು ಅವನದಲ್ಲ. ಮೇಲಿನ ಮುಂದಿನ ಹಲ್ಲು ಅಲ್ಲಾಡಿತು. ರೂಟ್ ಕೆನಾಲ್‌ಗೆ 4,500, ಕ್ಯಾಪ್‌ಗೆ 7,000. ಎರಡು ವರ್ಷಕ್ಕೆ ಕ್ಯಾಪ್ ಕಿತ್ತು ಬಂತು, ಮತ್ತೆ 8,500. ಒಟ್ಟು ಇಪ್ಪತ್ತು ಸಾವಿರ, ಏಳು ಸಲ ಅರ್ಧ ದಿನ ರಜೆ. ಗಾರ್ಡ್ ಬೆಲೆ 300 ರೂಪಾಯಿ. ಇವತ್ತಿಗೂ ಕಟಕ್ ರೊಟ್ಟಿ ಮುರಿದು ದವಡೆಗೆ ಇಟ್ಟುಕೊಂಡೇ ತಿನ್ನುತ್ತೇನೆ.

ಹುಬ್ಬಳ್ಳಿ:
ಶುರುವಿಗೇ ಹಲ್ಲಿನ ಲೆಕ್ಕ ಹೇಳಿ ಹೆದರಿಸಬೇಡಿ ಸರ್. ನಾನು ಕ್ಯೋಕುಶಿನ್, ಕರಾಟೆಯ ಇನ್ನೊಂದು ಶೈಲಿ. ನಮ್ಮಲ್ಲಿ ಮುಖಕ್ಕೆ ಕೈಯಿಂದ ಗುದ್ದುವಂತಿಲ್ಲ, ಉಳಿದದ್ದೆಲ್ಲ ನಿಜವಾದ ಏಟೇ. ಮೊದಲ ದಿನ ಎಡ ತೊಡೆಗೆ ಹನ್ನೊಂದು ಲೋ ಕಿಕ್ ತಿಂದೆ. ಎಣಿಸಿದವನು ನನ್ನ ತಮ್ಮ. ಮಂಡಿ ಮಡಿಸಲು ಆಗದೆ ಒಂಬತ್ತು ದಿನ ಪಾಯಿಖಾನೆಯಲ್ಲಿ ಕೂರುವುದೇ ಕಷ್ಟವಾಯಿತು. ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯುತ್ತಿದ್ದೆ. ಹತ್ತನೇ ದಿನ ಕ್ಲಾಸಿಗೆ ಹೋದೆ. ಏಟು ತಡೆದುಕೊಳ್ಳಬಲ್ಲೆ ಅನ್ನುವುದು ಮೈಗೆ ಗೊತ್ತಾಗಬೇಕು. ಅಂಕಕ್ಕಾಗಿ ಮುಟ್ಟಿ ಓಡುವ ಆಟದಲ್ಲಿ ಅದು ಬರಲ್ಲ.

ಬೆಂಗಳೂರು:
ಮುಟ್ಟಿ ಓಡುವ ಆಟ ಅಂದರೇನು? ಹದಿನಾಲ್ಕು ವರ್ಷ ಅದನ್ನೇ ಆಡಿದ್ದೇನೆ. ಪಂಚ್‌ಗೆ 1 ಅಂಕ, ಹೊಟ್ಟೆಗೆ ಕಿಕ್ ಬಿದ್ದರೆ 2, ತಲೆಗೆ 3. ತಲೆಗೆ ಬೀಸಿದ ಕಾಲನ್ನು ಚರ್ಮಕ್ಕೆ ತಾಗಿದಲ್ಲೇ ನಿಲ್ಲಿಸಲು ನನಗೆ ಆರು ವರ್ಷ ಹಿಡಿಯಿತು. 2021ರ ಆಗಸ್ಟ್, ಟೋಕಿಯೊ ಒಲಿಂಪಿಕ್ಸ್, 75 ಕೆಜಿ ಮೇಲಿನವರ ಫೈನಲ್ ನೋಡಿದ್ದೀರಾ? ಸೌದಿಯ ತಾರೆಗ್ ಹಮೆದಿ 4–1ರಿಂದ ಮುಂದಿದ್ದರು. ತಲೆಗೆ ಒದ್ದರು. ಇರಾನಿನ ಸಜಾದ್ ಗಂಜ್‌ಝಾದೆ ಪ್ರಜ್ಞೆ ತಪ್ಪಿ ಬಿದ್ದರು. ಹಮೆದಿಯನ್ನು ಅನರ್ಹ ಮಾಡಿ ಚಿನ್ನವನ್ನು ಗಂಜ್‌ಝಾದೆಗೆ ಕೊಟ್ಟರು. ಹಿಡಿತ ತಪ್ಪಿದರೆ ಇದೇ ಬೆಲೆ.

ಹುಬ್ಬಳ್ಳಿ:
ನೆಲಕ್ಕೆ ಬಿದ್ದವರಿಗೆ ಚಿನ್ನ! ನಮ್ಮಲ್ಲಿ ಅದು ಇಪ್ಪೊನ್, ಅಂದರೆ ಒದ್ದವರಿಗೆ ಪೂರ್ತಿ ಗೆಲುವು, ಅಲ್ಲಿಗೆ ಮುಗಿಯಿತು. ಹಮೆದಿಗೆ ಅನ್ಯಾಯ ಆಯಿತು ಅಂತ ಇವತ್ತಿಗೂ ಹೇಳುತ್ತೇನೆ.

ಮಂಗಳೂರು:
ಅಣ್ಣಂದಿರೇ, ನಿಮ್ಮ ಜಗಳ ಆಮೇಲೆ ಇಟ್ಟುಕೊಳ್ಳಿ. ನಾನು 41ಕ್ಕೆ ಕರಾಟೆ ಶುರು ಮಾಡಿದವಳು. ಮೊದಲ ಸಲ ನಲವತ್ತು ಸೆಕೆಂಡಿಗೇ ಕೈ ಎತ್ತಲು ಆಗಲಿಲ್ಲ. ದಮ್ಮು ಇಲ್ಲ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಉಸಿರೇ ಬಿಟ್ಟಿರಲಿಲ್ಲ. ಪ್ರತಿ ಪಂಚ್‌ಗೂ ಉಸಿರು ಬಿಡಿ, ಸದ್ದು ಕೇಳಲಿ. ಮೂರನೇ ವಾರ ಮವಾಶಿ (ಪಕ್ಕದಿಂದ ಬೀಸುವ ಕಿಕ್) ಒದ್ದೆ, ಎದುರಿನ ಹುಡುಗಿಯ ಮೊಣಕೈಗೆ ತಾಗಿ ಕಾಲಿನ ಕಿರುಬೆರಳು ಬಿರುಕು ಬಿಟ್ಟಿತು. ಎಕ್ಸ್‌ರೇಗೆ 400. ಪಕ್ಕದ ಬೆರಳಿಗೆ ಸೇರಿಸಿ ಪಟ್ಟಿ ಸುತ್ತಿದರು, ನಾಲ್ಕು ವಾರ. ನಾದಿನಿ ಮದುವೆಗೆ ರೇಷ್ಮೆ ಸೀರೆ ಉಟ್ಟು ರಬ್ಬರ್ ಚಪ್ಪಲಿಯಲ್ಲಿ ಓಡಾಡಿದೆ. ಮೊಣಕಾಲ ಕೆಳಗೆ ಕಟ್ಟುವ ಶಿನ್ ಗಾರ್ಡ್ ಒಂದೇ ಸಾಲದು, ಪಾದ ಮುಚ್ಚುವುದನ್ನೂ ಕೊಳ್ಳಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಕನ್ನಡಕ ತೆಗೆದರೆ ಎದುರಿನವರ ಕೈ ಮಸುಕಾಗುತ್ತೆ. ಏನು ಮಾಡಲಿ?

ಬೆಂಗಳೂರು:
ಕನ್ನಡಕ ಬೇಡವೇ ಬೇಡ, ಟೂರ್ನಮೆಂಟಿನಲ್ಲೂ ಬಿಡಲ್ಲ. ಸಾಫ್ಟ್ ಲೆನ್ಸ್ ಹಾಕಿ. ಕೈ ನೋಡಬೇಡಿ, ಎದೆ ನೋಡಿ, ಹೆಗಲು ಮೊದಲು ಅಲ್ಲಾಡುತ್ತೆ. ಹುಬ್ಬಳ್ಳಿಯವರೇ, ಮುಖಕ್ಕೆ ಪಂಚ್ ಇಲ್ಲದೆ ಆಡಿ ಆಡಿ ನಿಮ್ಮವರ ಕೈ ಸೊಂಟದ ಹತ್ತಿರವೇ ಇರುತ್ತೆ. ನಮ್ಮ ಕ್ಲಾಸಿಗೆ ಬಂದ ಇಬ್ಬರನ್ನು ಕಂಡಿದ್ದೇನೆ. ಮೊದಲ ನಿಮಿಷದಲ್ಲೇ ಮೂಗಿನಲ್ಲಿ ರಕ್ತ.

ದಾವಣಗೆರೆ:
ಹೆದರಿಸಿದೆ ಅಂದುಬಿಟ್ಟಿರಿ. ಇಪ್ಪತ್ತು ಸಾವಿರ ಅಂದರೆ ಆಗ ನನಗೆ ನಾಲ್ಕು ತಿಂಗಳ ಮನೆ ಬಾಡಿಗೆ. ಹೇಳಬಾರದಾ?

ಹುಬ್ಬಳ್ಳಿ:
ಸರ್, ಹಲ್ಲಿನ ಮಾತು ನೋಯಿಸಿದ್ದರೆ ಕ್ಷಮಿಸಿ. ಬೆಂಗಳೂರಿನವರನ್ನು ಮಾತ್ರ ಕ್ಷಮೆ ಕೇಳಲ್ಲ. ಒಂದು ಭಾನುವಾರ ಬನ್ನಿ, ನನ್ನ ಕೈ ಎಲ್ಲಿರುತ್ತೆ ನೋಡಿ.