ಸಹಾಯ ಬೇಕು: ಸುತ್ತುಗೋಡೆಯ ಹಳೆ ತೋಟಕ್ಕೆ ಹೊಸ ಮಂಟಪ

ನಾಲ್ಕೂ ಕಡೆ ಎತ್ತರದ ಇಟ್ಟಿಗೆ ಗೋಡೆ ಇರುವ ಹಳೆಯ ತೋಟವೊಂದಕ್ಕೆ ಮಂಟಪದ ವಿನ್ಯಾಸ ಮಾಡುತ್ತಿದ್ದೇನೆ. ಗೋಡೆಗೆ ಅಂಟಿಸಿಯೇ ಕಟ್ಟಿ ಅಂತಾರೆ ಮಾಲೀಕರು. ನನಗದು ಒಪ್ಪಿಗೆಯಿಲ್ಲ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಆರದೆ ಒಳಗೇ ಉಳಿದು, ಇಟ್ಟಿಗೆ ಪದರ ಪದರವಾಗಿ ಉದುರುತ್ತದೆ. ಅದಕ್ಕೇ ಗೋಡೆಯಿಂದ ದೂರ, ತನ್ನಷ್ಟಕ್ಕೇ ನಿಲ್ಲುವ ಮರದ ಚೌಕಟ್ಟು ಯೋಚಿಸಿದ್ದೇನೆ. ಹಳೆ ಮರಗಳ ಬೇರು ಇರುವುದರಿಂದ ಪಾಯ ತೋಡುವ ಬದಲು ಸ್ಕ್ರೂ ಪೈಲ್ (ತಿರುಪಿನಂತೆ ತಿರುಗಿಸಿ ನೆಲಕ್ಕೆ ಇಳಿಸುವ ಉಕ್ಕಿನ ಕಂಬ). ಮುಂದೆ ಬೇಡವೆಂದರೆ ಬಿಚ್ಚಿ ತೆಗೆಯಲೂಬಹುದು.

ನೋಟದ್ದೇ ದೊಡ್ಡ ತಲೆನೋವು. ಹಳೆ ಸ್ಮಾರಕಗಳ ಸಂರಕ್ಷಣೆಗೆಂದು ಮಾಡಿದ ಅಂತರರಾಷ್ಟ್ರೀಯ ಸನ್ನದು, 1964ರ ವೆನಿಸ್ ಚಾರ್ಟರ್ ಪ್ರಕಾರ ಹೊಸದಾಗಿ ಸೇರಿಸಿದ್ದು ಹೊಸದೆಂದೇ ಕಾಣಬೇಕು. ಹಾಗಂತ ಸುಮ್ನೆ ಗಾಜಿನ ಪೆಟ್ಟಿಗೆ ತಂದಿಟ್ಟರೆ ಚೆನ್ನಾಗಿರಲ್ಲ, ಅಲ್ವಾ? ಚಾವಣಿ ಗೋಡೆಗಿಂತ ತಗ್ಗಿರಬೇಕಾ? ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ. ಬೇರಿನ ಹತ್ತಿರ ಸ್ಕ್ರೂ ಪೈಲ್ ಹಾಕಿದವರಿದ್ದರೆ, ಎಷ್ಟು ಅಂತರ ಬಿಟ್ಟಿರಿ ಅಂತಲೂ ತಿಳಿಸಿ.